ದೇವರಾವಿನ ಮುಂದೆ ಆಡಿದ ಮಾತು

ನಂಟರ ಹೊಲದೊಳಗೆ ಹೊಕ್ಕು ಗಿಡಗಿಡ ಬಗ್ಗಿಸಿ ನೋಡುವುದೆಂದರೆ, ಅವರ ಮನೆಗೆ ಉಣ್ಣಲು ಹೋಗಿ ಮಡಕೆಗಳ ಮುಚ್ಚಳ ತೆಗೆದು ನೋಡಿದ ಹಾಗೆ. ಮಾರ್ಕಯನ್‌ಕೋಟ್ಟೈ ಪಕ್ಕದ ಆ ಊರಿನ ಕನ್ನಡ ಕುಲದವರಲ್ಲಿ ಅಂಥ ಕೆಲಸ ಮಾಡಿದವರಿಲ್ಲ. ಬದುವಿನ ಮೇಲೆ ನಿಂತು ಕೂಗಬೇಕು, ಒಳಗಿದ್ದವನು ಕರೆದರೆ ಹೋಗಬೇಕು, ಕರೆಯದಿದ್ದರೆ ಬಂದ ದಾರಿ ಹಿಡಿಯಬೇಕು. ಇದು ಯಾರೋ ಬರೆದಿಟ್ಟ ಕಟ್ಟಳೆಯಲ್ಲ. ಹೆತ್ತವರನ್ನು ನೋಡಿ ಮಕ್ಕಳು ಕಲಿತದ್ದು.

ಎಷ್ಟೋ ತಲೆಮಾರಿನ ಹಿಂದೆ ಈ ಜನ ದನಗಳನ್ನು ಹೊಡೆದುಕೊಂಡು ಕಾವೇರಿ ದಾಟಿ ಬಂದು ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ ನೆಲೆಸಿದರು. ಊರು ಹೋಯಿತು, ದೊರೆ ಹೋದ, ಲಿಪಿಯೂ ಮರೆತುಹೋಯಿತು. ಉಳಿದದ್ದು ಮನೆಯೊಳಗಿನ ಮಾತು ಮತ್ತು ದೇವರ ದನ. ಆ ಮಂದೆಗೆ ಇಂದಿಗೂ ಅವರು ದೇವರಾವು ಎನ್ನುತ್ತಾರೆ. ಅವುಗಳ ಹಾಲು ಕರೆಯುವುದಿಲ್ಲ, ಕೊರಳಿಗೆ ನೊಗ ಇಡುವುದಿಲ್ಲ, ಸತ್ತರೆ ಮನುಷ್ಯರಂತೆ ಹೂಳುತ್ತಾರೆ. ಮಳೆಗಾಲದಲ್ಲಿ ಮಂದೆ ಬೆಟ್ಟಕ್ಕೆ ಮೇಯಲು ಹೋಗಿ ಕಾರ್ತಿಗೈಗೆ ಇಳಿದು ಬರುತ್ತದೆ. ಮಂದೆಯ ಒಡೆಯನಾದ ಹೋರಿಗೆ ಪಟ್ಟದಾವು ಎಂದು ಹೆಸರು. ಹಳೆಯದು ತೀರಿಕೊಂಡರೆ ಮಂದೆಯ ಮುಂದೆ ಕಬ್ಬಿನ ಹೊರೆ ಇಟ್ಟು ಕೈಮುಗಿದು ನಿಲ್ಲುತ್ತಾರೆ. ಮೊದಲು ಬಂದು ಬಾಯಿ ಹಾಕಿದ ಹೋರಿಗೆ ಪಟ್ಟ. ಊರಾಚೆಯ ದೊಡ್ಡಿಯೇ ಅವರ ಗುಡಿ. ಅದನ್ನು ತೊಳು ಎಂದು ಕರೆಯುತ್ತಾರೆ. ಒಳಗೆ ವಿಗ್ರಹವಿಲ್ಲ, ಒಂದು ಕಂಬ, ಕಂಬದಲ್ಲಿ ಒಂದು ದೀಪ. ಅಲ್ಲಿ ದನಗಳ ಮುಂದೆ ಆಡಿದ ಮಾತಿಗೆ ಮೇಲ್ಮಾತಿಲ್ಲ. ಸುಳ್ಳಾಡಿದವರು ಮತ್ತೆ ಆ ಬೇಲಿಯ ಒಳಗೆ ಕಾಲಿಡುವಂತಿಲ್ಲ.

ಇಂಥ ಊರಿಗೆ ವಿಘ್ನೇಶ್ವರನ್ ಎಂಬ ಇಲಾಖೆಯ ಅಧಿಕಾರಿ ಸರ್ಕಾರದ ಯೋಜನೆಯೊಂದನ್ನು ಹೊತ್ತು ಬಂದ. ಅಕ್ಕಪಕ್ಕದ ಹೊಲದವರೆಲ್ಲ ಸೇರಿ ಒಂದು ಗುಂಪಾಗಬೇಕು. ಮೂರು ವರ್ಷ ಯಾರೂ ವಿಷ ಸಿಂಪಡಿಸಬಾರದು, ರಾಸಾಯನಿಕ ಗೊಬ್ಬರ ಹಾಕಬಾರದು. ಗೊಬ್ಬರದ ಗುಂಡಿಗೆ, ಗಂಜಲದ ತೊಟ್ಟಿಗೆ, ಜೀವಾಮೃತ ಕಲೆಸುವ ಪೀಪಾಯಿಗೆ ಸರ್ಕಾರ ಹಣ ಕೊಡುತ್ತದೆ. ಮೂರು ವರ್ಷ ಕಳೆದ ಮೇಲೆ ಬೆಳೆಯೆಲ್ಲ ಗುಂಪಿನ ಒಂದೇ ಹೆಸರಿನಲ್ಲಿ ಪೇಟೆಗೆ ಹೋಗುತ್ತದೆ.

"ನಾನು ದಿನಾ ಬಂದು ನೋಡಕ್ಕಾಗಲ್ಲ ಐಯಾ," ಎಂದು ವಿಘ್ನೇಶ್ವರನ್ ತಮಿಳಿನಲ್ಲಿ ವಿವರಿಸಿದ. "ನಿಮ್ಮ ನಿಮ್ಮ ಹೊಲ ನೀವೇ ನೋಡ್ಕೋಬೇಕು. ಇವರ ಹೊಲ ಅವರು, ಅವರ ಹೊಲ ಇವರು. ಈ ಯೋಜನೆ ನಿಂತಿರೋದೇ ಅದರ ಮೇಲೆ."

ತೊಳುವಿನ ಹಿರಿಯ ಅಯ್ಯಾವು ಎಲೆಯಡಿಕೆ ಉಗಿದು ಬಂದು ಕುಳಿತ. ಗುಂಪಿನ ತಲೆಯಾಗಿ ಊರು ಅವನನ್ನೇ ನಿಲ್ಲಿಸಿತ್ತು.

"ಸಾರ್, ನಮ್ಮೋರಿಗೆ ಹೊಲ ನೋಡೋ ಪಳಕ ಇಲ್ಲ," ಎಂದ. "ಮಾತು ಕೊಡೋ ಪಳಕ ಐತೆ. ದೇವರಾವಿನ ಮುಂದೆ ನಿಂತು ಎಲ್ಲರೂ ಮಾತು ಕೊಡ್ತೀವಿ. ಅದಕ್ಕಿಂತ ಮೇಲೆ ನಿಮ್ಮ ಸರ್ಕಾರದಲ್ಲಿ ಏನಾದ್ರೂ ಐತಾ?"

ವಿಘ್ನೇಶ್ವರನ್ ದೇವರನ್ನು ನಂಬುವ ಮನೆಯವನು. ಅವನಿಗೂ ಆ ಮಾತು ಹಿಡಿಸಿತು. ಹೊಲ ನೋಡುವ ಕೆಲಸ ಅಲ್ಲಿಗೆ ನಿಂತಿತು. ಒಬ್ಬರನ್ನೊಬ್ಬರು ನೋಡಬೇಕಾದ ಕಣ್ಣುಗಳನ್ನು ಆ ಜನ ದನಗಳಿಗೆ ಒಪ್ಪಿಸಿ ನಿಶ್ಚಿಂತರಾದರು.

ಮಾತು ಕೊಟ್ಟವರಲ್ಲಿ ಪೇಚ್ಚಿಯಮ್ಮಾಳ್ ಒಬ್ಬಳು. ಅವಳ ಗಂಡ ಗುರುಸಾಮಿ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ದ್ರಾಕ್ಷಿ ಚಪ್ಪರಕ್ಕೆ ವಿಷ ಹೊಡೆಯುವವನು ಕೆಳಗೆ ನಿಂತು ಮೇಲಕ್ಕೆ ಹೊಡೆಯಬೇಕು. ಬಳ್ಳಿಗೆ ತಾಗಿ ಉಳಿದದ್ದು ಹನಿಹನಿಯಾಗಿ ಅವನ ತಲೆಗೆ, ಮುಖಕ್ಕೆ ಇಳಿಯುತ್ತದೆ. ಗುರುಸಾಮಿ ಮೀಸೆ ಮೂಡುವ ಮೊದಲಿನಿಂದ ಆ ಮಳೆಯಲ್ಲಿ ನೆಂದವನು. ಸ್ವಂತ ಚಪ್ಪರಕ್ಕೂ ಹೊಡೆದ, ಕರೆದವರ ಚಪ್ಪರಕ್ಕೂ ಹೊಡೆದ. ಕೊನೆಗೆ ಉಸಿರು ಒಳಕ್ಕೆ ಹೋಗದಾದಾಗ ತೇನಿಯ ಡಾಕ್ಟರು ಕೇಳಿದ್ದು ಒಂದೇ ಮಾತು, "ಇವರು ಏನು ಕೆಲಸ ಮಾಡ್ತಿದ್ರು?" ಉತ್ತರ ಕೇಳಿ ಅವರು ಮತ್ತೇನೂ ಕೇಳಲಿಲ್ಲ.

ಶುಕ್ರವಾರದ ಬೆಳಗ್ಗೆ ತೊಳು ಗುಡಿಸುವ ಸೇವೆ ಗುರುಸಾಮಿಯದಾಗಿತ್ತು. ಅವನ ಬಳಿಕ ಪೇಚ್ಚಿಯಮ್ಮಾಳ್ ಅದನ್ನು ಕೇಳಿ ತೆಗೆದುಕೊಂಡಳು. ಸೆಗಣಿ ಬಾಚಿ, ಗೂಟಗಳ ಬುಡ ತೊಳೆದು, ದೀಪಕ್ಕೆ ಎಣ್ಣೆ ಹಾಕಿ ಒಂದು ಗಳಿಗೆ ಕುಳಿತುಕೊಳ್ಳುವಳು. ದನಗಳು ಮೆಲುಕು ಹಾಕುವುದನ್ನು ಕೇಳುತ್ತ ಕುಳಿತರೆ ಅಳು ಬರುತ್ತಿರಲಿಲ್ಲ. ಬೇರೆ ಎಲ್ಲಿ ಕುಳಿತರೂ ಬರುತ್ತಿತ್ತು. ದೇವರು ಅವಳಿಗೆ ಉಳಿಸಿದ್ದು ಅಷ್ಟು ಜಾಗ.

ಮಾತು ಕೊಡುವ ದಿನ ಒಬ್ಬೊಬ್ಬರೇ ಹೋಗಿ ಪಟ್ಟದಾವಿನ ಬೆನ್ನ ಮೇಲಿನ ಹಿಣಿಲು ಮುಟ್ಟಿ, ಅಜ್ಜಂದಿರ ಕಾಲದಿಂದ ಬಂದ ಮಾತಿನ ಜಾಡಿನಲ್ಲಿ, "ನನ್ನ ಮಣ್ಣಿಗೆ ನಂಜು ಇಡೆನು," ಎಂದರು. ಪೇಚ್ಚಿಯಮ್ಮಾಳ್ ಅದನ್ನು ಮನಸ್ಸಿಟ್ಟು ಹೇಳಿದಳು. ಅವಳ ಹಿಂದೆಯೇ ನಿಂತಿದ್ದ ಒಡಹುಟ್ಟಿದ ತಮ್ಮ ಪಾಂಡಿಯರಾಜನ್ ಕೂಡ ಹೇಳಿದ. ಅವನು ಗುಂಪಿನ ಕಾರ್ಯದರ್ಶಿ. ಅವನ ಚಪ್ಪರ ಅಕ್ಕನ ಚಪ್ಪರಕ್ಕೆ ಪಡುವಣಕ್ಕಿದೆ. ನಡುವೆ ಒಂದೇ ಬದು.

ಮಾತನ್ನು ಉಳಿಸಿಕೊಳ್ಳುವುದು ಸುಲಭವಾಗಲಿಲ್ಲ. ಮೊದಲ ಫಸಲಿಗೆ ಬೂಜು ಹಿಡಿದು ಕಾಯಿ ಕಪ್ಪಾಗಿ ಉದುರಿತು. ಪೇಚ್ಚಿಯಮ್ಮಾಳ್ ಗಂಜಲ ಹೊಯ್ದಳು, ಹುಳಿಮಜ್ಜಿಗೆ ಎರಚಿದಳು, ಕಾಯಿಲೆ ಬಿದ್ದ ಎಲೆಗಳನ್ನು ಒಂದೊಂದಾಗಿ ಕಿತ್ತು ಸುಟ್ಟಳು. ಎರಡನೆಯ ಫಸಲು ಅರ್ಧ ಉಳಿಯಿತು. ಮೂರನೆಯದರಲ್ಲಿ ಗೊನೆ ಸಣ್ಣದಾದರೂ ಕಾಯಿ ಗಟ್ಟಿಯಾಗಿ ನಿಂತಿತು. ತಿಂದು ನೋಡಿದಳು, ಸಿಹಿಯಾಗಿತ್ತು. ಗಂಡ ಇದ್ದಿದ್ದರೆ ಏನೆನ್ನುತ್ತಿದ್ದನೋ ಎಂದು ಯೋಚಿಸುತ್ತ ಚಪ್ಪರದ ಕೆಳಗೆ ಬಹಳ ಹೊತ್ತು ನಿಂತಳು.

ಆಷಾಢದ ಆಡಿ ತಿಂಗಳಲ್ಲಿ ಪಡುವಣದ ಬೋಡಿಮೆಟ್ಟು ಬೆಟ್ಟದ ಕಡೆಯಿಂದ ಗಾಳಿ ಇಳಿಯುತ್ತದೆ. ಮನೆಯ ಹೆಂಚು ನಡುಗಿಸುವ ಗಾಳಿ. ಅಂಥ ಒಂದು ಬೆಳಗ್ಗೆ ಅವಳಿಗೆ ಆ ವಾಸನೆ ಬಂತು. ಕೊಳೆತ ಬೆಳ್ಳುಳ್ಳಿಯಂಥ ಘಾಟು. ವರ್ಷಗಟ್ಟಲೆ ಗುರುಸಾಮಿಯ ಅಂಗಿಯಿಂದ ಒಗೆದು ಒಗೆದು ಹೋಗದಿದ್ದ ವಾಸನೆ. ಬದುವಿನ ಬಳಿ ಹೋಗಿ ನಿಂತು ಕೂಗಿದಳು. ಪಾಂಡಿಯರಾಜನ್ ಚಪ್ಪರದೊಳಗಿಂದ ತಲೆಗೆ ಟವಲು ಸುತ್ತಿಕೊಂಡು ಬಂದ.

"ಏನ್ ಹೊಡೀತಿ ತಂಬಿ?"

"ಬೇವಿನೆಣ್ಣೆ ಅಕ್ಕಾ. ಯಾಕೆ?"

"ಬೇವಿನೆಣ್ಣೆ ವಾಸನೆ ನನಗೆ ಗೊತ್ತಿಲ್ಲವಾ?"

"ನಿನಗೆ ಭಾವ ಹೋದ ಮೇಲೆ ಎಲ್ಲದರಲ್ಲೂ ಅದೇ ವಾಸನೆ," ಎಂದು ಅವನು ನಕ್ಕ. ಒಳಗೆ ಬಾ ಎನ್ನಲಿಲ್ಲ. ಕರೆಯದ ಹೊಲಕ್ಕೆ ಅವಳೂ ಕಾಲಿಡಲಿಲ್ಲ. ಪಟ್ಟದಾವಿನ ಮುಂದೆ ಮಾತು ಕೊಟ್ಟವನನ್ನು ಅನುಮಾನಿಸಿದರೆ ಪಟ್ಟದಾವನ್ನೇ ಅನುಮಾನಿಸಿದಂತೆ ಎಂದುಕೊಂಡು, ಮೂಗನ್ನು ಸುಮ್ಮನಿರಿಸಿಕೊಂಡು ಮನೆಗೆ ನಡೆದಳು.

ಮರುತಿಂಗಳು ಆವಣಿಯಲ್ಲಿ ಕಾಯಿ ಪರೀಕ್ಷೆಯವರು ಬಂದರು. ರಸ್ತೆಯ ಪಕ್ಕದಲ್ಲಿದ್ದ ಚಪ್ಪರದಲ್ಲಿ ನಾಲ್ಕು ಗೊನೆ ಕೊಯ್ದು ಚೀಲಕ್ಕೆ ಹಾಕಿ ಮುದ್ರೆ ಒತ್ತಿ ಒಯ್ದರು. ರಸ್ತೆ ಪಕ್ಕದ ಚಪ್ಪರ ಪೇಚ್ಚಿಯಮ್ಮಾಳಿನದು. ಕೆಲವು ವಾರಗಳ ಮೇಲೆ ಫಲಿತಾಂಶ ಬಂತು. ಕಾಯಿಯಲ್ಲಿ ವಿಷ ಇತ್ತು.

ವಿಘ್ನೇಶ್ವರನ್ ಅದನ್ನು ತೊಳುವಿನ ಕಟ್ಟೆಯ ಮೇಲೆ ಕುಳಿತು ಎಲ್ಲರೆದುರು ಹೇಳಿದ. ಹೆಂಗಸರು ಪೇಚ್ಚಿಯಮ್ಮಾಳಿನ ಕಡೆ ನೋಡಿ, ನೋಡದವರಂತೆ ಸೆರಗು ಸರಿಮಾಡಿಕೊಂಡರು. ಪಾಂಡಿಯಮ್ಮಾಳ್ ಎಂಬ ಮುದುಕಿ ಮಾತ್ರ ಎಲ್ಲರಿಗೂ ಕೇಳುವಂತೆ, "ಗಂಡ ಇದ್ದಾಗ ಕೈಗೆ ಹತ್ತಿದ ಪಳಕ, ಬಿಡು ಅಂದ್ರೆ ಬಿಟ್ಟೀತಾ," ಎಂದಳು.

"ನಾನು ಹೊಡೆದಿಲ್ಲ," ಎಂದಳು ಪೇಚ್ಚಿಯಮ್ಮಾಳ್. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಸಭೆ ಚದುರಿದ ಮೇಲೆ ಅಯ್ಯಾವು ಅವಳನ್ನು ನಿಲ್ಲಿಸಿಕೊಂಡ. ವಿಘ್ನೇಶ್ವರನ್ ಕೂಡ ನಿಂತ. ಅಯ್ಯಾವು ಗುರುಸಾಮಿಗೆ ದೊಡ್ಡಪ್ಪನ ಮಗ. ಆದರೂ ವಯಸ್ಸಿಗೆ ತಕ್ಕಂತೆ ಅವಳು ಮದುವೆಯಾಗಿ ಬಂದಂದಿನಿಂದ ಮಾವ ಎಂದೇ ಕರೆಯುತ್ತಿದ್ದಳು.

"ಹೊಡೆದಿಲ್ಲ ಅಂದ್ರೆ ಎಲ್ಲಿಂದ ಬಂತು ಪೇಚ್ಚಿ?"

"ಪಡುವಣದಿಂದ ಬಂತು ಮಾವಾ. ಆಡಿ ಗಾಳಿಯಲ್ಲಿ ಬಂತು."

ಅಯ್ಯಾವು ಅಧಿಕಾರಿಯ ಮುಖ ನೋಡಿದ. ಇಬ್ಬರಿಗೂ ಪಡುವಣಕ್ಕೆ ಯಾರ ಹೊಲವಿದೆಯೆಂದು ಗೊತ್ತಿತ್ತು.

ವಿಘ್ನೇಶ್ವರನ್ ಮೆಲ್ಲಗೆ ಹೇಳಿದ. "ಅಮ್ಮಾ, ನೀವು ಹಾಗೆ ಹೇಳಿದರೆ ನಾನು ಅವರ ಹೊಲದ ಕಾಯಿಯನ್ನೂ ಕಳಿಸಬೇಕಾಗುತ್ತೆ. ಒಬ್ಬ ಸದಸ್ಯ ತಪ್ಪಿದರೆ ಅವರನ್ನು ತೆಗೆದು ಗುಂಪು ಉಳಿಸಬಹುದು. ಕಾರ್ಯದರ್ಶಿಯೇ ತಪ್ಪಿದ ಅಂದ್ರೆ ಗುಂಪೇ ರದ್ದು. ಮೂರನೇ ವರ್ಷದ ಹಣವೂ ಬರಲ್ಲ, ಹೆಸರೂ ಬರಲ್ಲ. ಎಲ್ಲರ ಎರಡು ವರ್ಷದ ಪಾಡು, ದುಡಿಮೆಯೆಲ್ಲ ಮಣ್ಣುಪಾಲು."

"ಕೇಳಿದ್ಯಾ," ಎಂದ ಅಯ್ಯಾವು. "ನೀನು ಒಬ್ಬಳು ಒಪ್ಪಿಕೊಂಡ್ರೆ ಊರು ಉಳೀತದೆ."

"ಮಾಡದ್ದನ್ನು ಒಪ್ಪಿಕೊಳ್ಳಲಾ?"

"ಬಾಯಲ್ಲಿ ಒಂದು ಮಾತು. ದನ ಬೆಟ್ಟದಿಂದ ಇಳಿದ ದಿನ ಪಟ್ಟದಾವಿನ ಮುಂದೆ ನಿಂತು, ತಪ್ಪಾಯ್ತು ಅನ್ನು. ಮಾತು ಕೊಟ್ಟ ಜಾಗದಲ್ಲೇ ಮುಗಿಸಬೇಕಲ್ಲ. ಆಮೇಲೆ ನಿನ್ನ ಹೊಲ ನಿನ್ನದು, ಯಾರೂ ಏನೂ ಅನ್ನಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರ ಕೈಗೆ ಕೋಲಿನ ಬದಲು ಯಾವಾಗಲೂ ಇನ್ನೊಬ್ಬರ ಬೆರಳೇ ಸಿಗುತ್ತದೆ. ಪೇಚ್ಚಿಯಮ್ಮಾಳ್ ಕಂಬದ ದೀಪದ ಕಡೆ ತಿರುಗಿದಳು.

"ಮಾವಾ, ಗುಂಪಿನಿಂದ ತೆಗೀರಿ. ಬಂದ ಹಣ ತಿರುಗಿ ಕೇಳಿದ್ರೆ ಕೊಡ್ತೀನಿ. ಹೊಡೆದೆ ಅಂತ ದೇವರಾವಿನ ಮುಂದೆ ಮಾತ್ರ ಹೇಳೆನು. ಸುಳ್ಳಾಡಿದವಳು ಈ ಬೇಲಿ ದಾಟಂಗಿಲ್ಲ. ನನಗೆ ಇದು ಬಿಟ್ಟು ಬೇರೆ ಎಲ್ಲೈತೆ?"

"ಹಾಗಾದ್ರೆ ನಿನ್ನ ತಮ್ಮನ ಹೆಸರು ಹೇಳ್ತೀಯಾ?"

ಅವಳು ದೀಪಕ್ಕೆ ಕೈಮುಗಿದು ಮನೆಯ ದಾರಿ ಹಿಡಿದಳು.

ಮಾರನೆಯ ದಿನ ಪಾಂಡಿಯರಾಜನ್ ತಾನೇ ಬಂದ. ಜಗಲಿಯ ಮೇಲೆ ಕುಳಿತು ನೀರು ಕೇಳಿ ಕುಡಿದ. ಮೂವತ್ತು ವರ್ಷದಿಂದ ಆ ಜಗಲಿಯ ಮೇಲೆ ಕುಳಿತು ನೀರು ಕುಡಿದವನು ಅವನು.

"ನನ್ನ ಮೇಲೆ ಗಾಳಿ ಊದಿದ್ಯಂತೆ," ಎಂದ.

"ನಾನು ಊದಲಿಲ್ಲ. ಗಾಳಿ ತಾನೇ ಬಂತು."

"ಅಕ್ಕಾ, ನಿನಗೊಂದು ಕೇಳ್ತೀನಿ. ಅಪ್ಪ ನೆಟ್ಟ ಬಳ್ಳಿ ಅದು. ಬೂಜು ಬುಡಕ್ಕೆ ಇಳಿದ್ರೆ ಬಳ್ಳಿಯೇ ಹೋಗ್ತದೆ. ದಿಂಡಿಗಲ್ ಯಾಪಾರಿ ಬಂದು ಗೊನೆ ಎತ್ತಿ ನೋಡಿ, ಇದನ್ನ ನಿಮ್ಮ ದೇವರಿಗೇ ಕೊಡಿ ಅಂತ ಎಸೆದು ಹೋದ. ಅಷ್ಟು ಜನರ ಮುಂದೆ. ದೇವರಾವಿಗೆ ಹಸಿವಾದ್ರೆ ಬೆಟ್ಟ ಐತೆ. ನನ್ನ ಬಳ್ಳಿಗೆ ಏನೈತೆ?"

"ಹಾಗಾದ್ರೆ ಹಿಣಿಲು ಮುಟ್ಟಿ ಮಾತು ಯಾಕೆ ಕೊಟ್ಟೆ?"

"ಎಲ್ಲರೂ ಕೊಟ್ರು, ನಾನೂ ಕೊಟ್ಟೆ. ಕೊಡದಿದ್ರೆ ಬಿಡ್ತಿದ್ರಾ?" ಲೋಟವನ್ನು ಕೆಳಗಿಟ್ಟು ತಿರುಗಿಸುತ್ತ ಕುಳಿತ. "ನಾನೊಬ್ಬನೇ ಅಂದ್ಕೊಂಡ್ಯಾ? ಯಾರ ಚಪ್ಪರಕ್ಕೆ ಯಾರು ಹೋಗಿ ನೋಡಿದ್ದಾರೆ?"

ಆ ಮಾತು ಅವಳ ಎದೆಗೆ ಬಿತ್ತು. ಅವನು ಸುಳ್ಳಾಡುತ್ತಿದ್ದಾನೋ ನಿಜವಾಡುತ್ತಿದ್ದಾನೋ ತಿಳಿಯುವ ದಾರಿಯೇ ಇರಲಿಲ್ಲ. ಆ ದಾರಿಯನ್ನು ಎಲ್ಲರೂ ಸೇರಿ ಮುಚ್ಚಿಬಿಟ್ಟಿದ್ದರು.

"ನೀನು ಹೇಳಿಬಿಡು ಅಕ್ಕಾ. ನಿನಗೇನು, ಒಂಟಿ ಜೀವ," ಎಂದು ಅವನು ಎದ್ದ. ಹೋಗುವ ಮುನ್ನ ಚಪ್ಪಲಿ ಹಾಕಿಕೊಳ್ಳುತ್ತ, "ನಾನು ಕೆಟ್ಟವನಲ್ಲ," ಎಂದ. ಅದು ಅವಳಿಗೂ ಗೊತ್ತಿತ್ತು. ಅವನು ಕೆಟ್ಟವನಾಗಿದ್ದರೆ ಅವಳ ಕೆಲಸ ಸುಲಭವಾಗುತ್ತಿತ್ತು.

ಭಾನುವಾರ ಮಗಳು ಯುವಶ್ರೀ ದಿಂಡಿಗಲ್‌ನಿಂದ ಬಂದಳು. ಅಲ್ಲಿ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಅವಳದು. ತಾಯಿ ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಕೇಳಿ, ಮಗಳು ಅರ್ಧ ತಮಿಳಿನಲ್ಲಿ ಉತ್ತರ ಕೊಟ್ಟಳು.

"ಮಾಮನ ಹೆಸರು ಹೇಳಿಬಿಡು ಅಮ್ಮಾ. ಪೋದುಂ, ಸಾಕು. ಅಪ್ಪನ್ನ ಕೊಂದ ಮರುಂದು, ವಿಷ ಅದು."

"ಹೇಳಿದ್ರೆ ಅಷ್ಟೂ ಮನೆಯವರ ಪಾಡು ಹೋಗ್ತದೆ ಕಣೇ. ಬೂಜು ಹಿಡಿದ ಚಪ್ಪರ ನೋಡ್ತಾ ಕೂತ್ರಲ್ಲ, ಅವರಲ್ಲಿ ನಿಜವಾಗಿ ಮಾತು ಉಳಿಸಿಕೊಂಡೋರೂ ಇರ್ತಾರೆ."

"ಹೇಳದಿದ್ರೆ ನಿನ್ನ ಹೆಸರು ಹೋಗ್ತದೆ."

"ನನ್ನ ಹೆಸರು ಜನರ ಬಾಯಲ್ಲಿ ಹೋಗ್ಲಿ. ಆವಿನ ಮುಂದೆ ಉಳೀಲಿ. ಅದಕ್ಕೆ ಗೊತ್ತು."

ಯುವಶ್ರೀ ತಾಯಿಯ ಮುಖವನ್ನೇ ನೋಡಿ, "ಅದಕ್ಕೆ ಗೊತ್ತಿದ್ರೆ ಮಾಮನ್ನ ಯಾಕಮ್ಮ ಸುಮ್ನೆ ಬಿಟ್ಟಿದೆ?" ಎಂದಳು. ಹುಡುಗಿ ತಾಯಿಯನ್ನು ನೋಯಿಸಲು ಕೇಳಿದ್ದಲ್ಲ. ಪೇಚ್ಚಿಯಮ್ಮಾಳ್ ಮಾತ್ರ ಆ ರಾತ್ರಿ ಮಗಳಿಗೆ ಬಡಿಸಿ ತಾನು ಉಣ್ಣದೆ ಎದ್ದಳು.

ಅವಳು ಒಪ್ಪಿಕೊಳ್ಳದೆ ಹೋದದ್ದರಿಂದ ಊರಿಗೆ ಒಂದು ಸಂಕಟ ಬಂತು. ಗಾಳಿಯ ಮಾತು ಬಾಯಿಂದ ಬಾಯಿಗೆ ಹರಡಿತ್ತು. ಅದನ್ನು ಅಳಿಸಬೇಕು. ಹಿರಿಯರು ಕುಳಿತು ಒಂದು ಉಪಾಯ ಹೂಡಿದರು. ಕಾರ್ತಿಗೈ ದೀಪ ಕಳೆದ ಮೇಲೆ ದೇವರಾವು ಬೆಟ್ಟದಿಂದ ಇಳಿದು ಬಂದು ಕುಲದವರ ಹೊಲಗಳಲ್ಲಿ ಸರದಿಯ ಮೇಲೆ ತಂಗುತ್ತದೆ. ಒಂದೊಂದು ಹೊಲದಲ್ಲಿ ಮೇಯ್ದು ಮಲಗಿ ಗೊಬ್ಬರ ಇಟ್ಟು ಮುಂದೆ ಹೋಗುತ್ತದೆ. ಯಾವ ಹೊಲಕ್ಕೆ ಮೊದಲು ಹೋಗುತ್ತದೋ ಅದಕ್ಕೆ ಆ ವರ್ಷದ ಮರ್ಯಾದೆ. ಈ ಸಲ ಪಾಂಡಿಯರಾಜನ ಹೊಲಕ್ಕೇ ಮೊದಲು ಎಂದು ತೀರ್ಮಾನವಾಯಿತು. ದೇವರ ದನವೇ ಮೇಯ್ದ ಹೊಲಕ್ಕೆ ಯಾರು ಕಳಂಕ ಹೊರಿಸಿಯಾರು? ಪಾಂಡಿಯರಾಜನ್ ಬೇಡವೆನ್ನಲಿಲ್ಲ. ಬೇಡವೆಂದರೆ ಒಪ್ಪಿಕೊಂಡಂತೆ. ದೀಪಕ್ಕೆ ಇನ್ನೂ ದಿನಗಳಿದ್ದವು. ಅಷ್ಟರೊಳಗೆ ಕೊನೆಯ ಸಲ ಹೊಡೆದು ಮುಗಿಸಿದರೆ ಘಾಟು ಇಳಿದಿರುತ್ತದೆ ಎಂದು ಅವನು ಲೆಕ್ಕ ಹಾಕಿರಬೇಕು.

ಮಳೆ ಆ ಲೆಕ್ಕವನ್ನು ಕೆಡಿಸಿತು. ಬೆಟ್ಟದ ಮೇಲೆ ಬಿಡದೆ ಸುರಿದು ಕಾಲುದಾರಿಗಳು ಕುಸಿದವು. ದನ ಕಾಯುವ ರಾಜಾ ಮಂದೆಯನ್ನು ಅವಸರವಾಗಿ ಇಳಿಸಿಕೊಂಡು ದೀಪಕ್ಕೆ ಮೊದಲೇ ಊರ ಬಾಗಿಲಿಗೆ ಬಂದ. ಕಣಿವೆಯಲ್ಲಿ ಅಂದು ಮಳೆಯಿಲ್ಲ, ಎಳೆಬಿಸಿಲು. ಸುದ್ದಿ ಕೇಳಿ ಜನ ಓಡಿಬಂದರು. ಅಯ್ಯಾವು ಕಬ್ಬಿನ ಹೊರೆ ತರಿಸಿದ. ಪಾಂಡಿಯರಾಜನ ಕೈಗೆ ಕರ್ಪೂರದ ತಟ್ಟೆ ಕೊಟ್ಟರು. ದನ ನಡೆಯತೊಡಗಿದ ಮೇಲೆ ದಾರಿ ತಪ್ಪಿಸುವಂತಿಲ್ಲ. ಮಂದೆ ನೇರವಾಗಿ ಅವನ ಹೊಲದ ಕಡೆ ಹೊರಟಿತು.

ಪೇಚ್ಚಿಯಮ್ಮಾಳ್ ತನ್ನ ಚಪ್ಪರದ ಕೆಳಗೆ ಕಳೆ ಕೀಳುತ್ತಿದ್ದಳು. ಆ ದಿನ ಬೆಳಕು ಹರಿಯುವ ಹೊತ್ತಿಗೆ ಅವಳಿಗೆ ಮತ್ತೆ ಆ ಘಾಟು ಬಂದಿತ್ತು. ಪಕ್ಕದ ಚಪ್ಪರದಲ್ಲಿ ಯಂತ್ರದ ಗುರುಗುರು ಕೇಳಿತ್ತು. ಬದುವಿನ ಹುಲ್ಲಿನ ಮೇಲೆ ಬಿಳಿಯ ಮಚ್ಚೆಗಳು ಇನ್ನೂ ಒಣಗಿರಲಿಲ್ಲ. ಕೊರಳ ಗಂಟೆಗಳ ಸದ್ದು ಕೇಳಿ ತಲೆಯೆತ್ತಿ ನೋಡಿದಳು. ದೂಳೆಬ್ಬಿಸುತ್ತ ಮಂದೆ ಬರುತ್ತಿತ್ತು. ಮುಂದೆ ಪಟ್ಟದಾವು, ಅದರ ಮುಂದೆ ತಟ್ಟೆ ಹಿಡಿದ ತಮ್ಮ.

ಒಂದು ಕ್ಷಣ ಅವಳ ಮನಸ್ಸು ನಿಂತಲ್ಲೇ ನಿಂತಿತು. ಸುಮ್ಮನಿದ್ದರೆ ಸಾಕು. ದನ ಆ ಬದುವಿಗೆ ಬಾಯಿ ಹಾಕುತ್ತದೆ. ನಾಲ್ಕೋ ಐದೋ ನೊರೆ ಕಾರಿ ಬೀಳುತ್ತವೆ. ಆಗ ಯಾರೂ ಯಾವ ಪರೀಕ್ಷೆಯವರನ್ನೂ ಕರೆಯಬೇಕಾಗಿಲ್ಲ. ಅವಳು ಆಡಿದ್ದು ನಿಜವೆಂದು ದೇವರೇ ಹೇಳಿದಂತಾಗುತ್ತದೆ. ಇಂಥ ಸಾಕ್ಷಿಯನ್ನು ಮುಂದಿಟ್ಟು ನೋಡುತ್ತಾನಲ್ಲ ದೇವರು ಎಂದುಕೊಂಡಳು. ಕುಡುಗೋಲು ಎಸೆದು ರಸ್ತೆಗೆ ಓಡಿದಳು.

"ರಾಜಾ, ತಡಿ. ದನ ನಿಲ್ಲಿಸು."

ರಾಜಾ ಕೋಲು ಅಡ್ಡ ಹಿಡಿದ. ಪಟ್ಟದಾವು ನಿಂತಿತು. ಹಿಂದಿನವು ಒಂದಕ್ಕೊಂದು ಒರಸಿಕೊಂಡು ನಿಂತವು.

"ಏನವ್ವಾ?" ಎಂದ ರಾಜಾ.

"ಆ ಬದುವಿಗೆ ಬಿಡಬ್ಯಾಡ. ಹುಲ್ಲಿನ ಮೇಲೆ ಮರುಂದು ಐತೆ."

ಅಯ್ಯಾವು ಮುಂದೆ ಬಂದ. ಅವನ ಮುಖ ಕೆಂಪಾಗಿತ್ತು. "ದನ ನಡೆದ ದಾರಿಯಲ್ಲಿ ಅಡ್ಡ ನಿಂತ್ಯಾ? ಇನ್ನೂ ನಿನ್ನ ಗಾಳಿ ಮಾತು ಮುಗಿಲಿಲ್ಲವಾ? ಯಾರು ಹೊಡೆದ್ರು?"

ಪೇಚ್ಚಿಯಮ್ಮಾಳ್ ತಮ್ಮನನ್ನು ನೋಡಿದಳು. ಅವನ ಮುಖದಲ್ಲಿ ರಕ್ತವಿರಲಿಲ್ಲ. ತಟ್ಟೆಯ ಕರ್ಪೂರ ಉರಿದು ಕರಗುತ್ತಿತ್ತು. ಅವನ ಕಣ್ಣು ಅದನ್ನು ಬಿಟ್ಟು ಏಳಲಿಲ್ಲ. ಹೇಳು ತಂಬಿ, ನೀನೇ ಹೇಳು, ಎಂದು ಅವಳು ಮನಸ್ಸಿನಲ್ಲಿ ಬೇಡಿಕೊಂಡಳು. ಅವನ ತುಟಿ ಒಮ್ಮೆ ಬಿರಿದು ಮತ್ತೆ ಮುಚ್ಚಿತು. ಅವನು ಹೇಳುವುದಿಲ್ಲ. ತಾನು ಅವನ ಹೆಸರೆತ್ತಿದರೆ ಅವನು ಇಲ್ಲವೆನ್ನುತ್ತಾನೆ. ಇಲ್ಲವೆಂದ ಮೇಲೆ ಅದನ್ನು ತೋರಿಸಿಕೊಡಲೆಂದು ಈ ಜನ ಕೈಯಾರೆ ದನವನ್ನು ಆ ಹುಲ್ಲಿಗೆ ಬಿಡುತ್ತಾರೆ. ನಂಬಲು ಅವರಿಗೆ ಅಷ್ಟು ಆಸೆಯಿದೆ. ಪಟ್ಟದಾವು ಕುತ್ತಿಗೆ ಚಾಚಿ ಬದುವಿನ ಕಡೆ ಮೂಸುತ್ತಿತ್ತು. ಬೆಟ್ಟ ಇಳಿದು ಬಂದ ಹಸಿವು.

"ನಾನೇ ಹೊಡೆದೆ," ಎಂದಳು ಪೇಚ್ಚಿಯಮ್ಮಾಳ್.

ಅವಳು ಅಯ್ಯಾವುವಿನ ಕಡೆ ತಿರುಗಿದಳು.

"ನನ್ನ ಚಪ್ಪರಕ್ಕೆ ಹೊಡೆದೆ. ಇವತ್ತು ಬೆಳಗ್ಗೆ. ಈಗ ಮೂಡಣ ಗಾಳಿ. ತಮ್ಮನ ಬದುವಿನ ಮೇಲೆಲ್ಲ ಬಿದ್ದೈತೆ. ಮೊದಲು ಕಾಯಿಯಲ್ಲಿ ಇದ್ದದ್ದೂ ನಾನು ಹೊಡೆದದ್ದೇ. ಸಾಕಾ ಮಾವಾ? ದನ ತಿರುಗಿಸು."

ಎರಡು ತಿಂಗಳು ನಿಜವನ್ನು ಹೇಳಿದಾಗ ಹುಬ್ಬು ಗಂಟಿಕ್ಕಿದವರು, ಈಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗಂಡ ಹೋದ ಮೇಲೆ ಸಿಂಪಡಿಸುವ ಕೈಪಂಪನ್ನೂ ಇಟ್ಟುಕೊಳ್ಳದವಳು ಯಾವುದರಿಂದ ಹೊಡೆದಳು ಎಂದು ಯಾರಿಗೂ ತೋಚಲಿಲ್ಲ. ಪಾಂಡಿಯಮ್ಮಾಳ್ ಮುದುಕಿ ಕೆನ್ನೆ ಬಡಿದುಕೊಂಡು, "ನಾನು ಅವತ್ತೇ ಅಂದಿರಲಿಲ್ಲವಾ," ಎಂದಳು. ಅಯ್ಯಾವುವಿನ ಹೆಗಲು, ಹೊರೆ ಇಳಿಸಿದವನ ಹೆಗಲಿನಂತೆ ಕೆಳಗಿಳಿಯಿತು. ಸಿಟ್ಟು ಕೂಡ ಹೋಯಿತು.

"ಇದನ್ನ ಮೊದಲೇ ಅಂದಿದ್ರೆ ಇಷ್ಟು ದೂರ ಬರ್ತಿತ್ತಾ," ಎಂದ, ಸಮಾಧಾನ ಮಾಡುವವನಂತೆ. "ಹೋಗ್ಲಿ. ದನ ಉಳಿಸಿದ್ಯಲ್ಲ, ಅಷ್ಟು ಪುಣ್ಯ. ಆದ್ರೂ ಕಟ್ಟಳೆ ಕಟ್ಟಳೆಯೇ, ಪೇಚ್ಚಿ. ಇನ್ನು ತೊಳುವಿನ ಬೇಲಿ ಒಳಕ್ಕೆ ಬರಬೇಡ. ಶುಕ್ರವಾರದ ಕೆಲಸಕ್ಕೆ ಬೇರೆ ಯಾರನ್ನಾದ್ರೂ ಹೇಳ್ತೀನಿ."

"ಆಗ್ಲಿ ಮಾವಾ."

ಅವನು ಆಗಲೇ ಫೋನು ತೆಗೆದು ವಿಘ್ನೇಶ್ವರನ್‌ಗೆ, "ಸಾರ್, ತಪ್ಪು ಮಾಡ್ದೋರು ಒಪ್ಪಿಕೊಂಡ್ರು, ಗುಂಪಿಗೆ ಏನೂ ತೊಂದರೆ ಇಲ್ಲ," ಎನ್ನುತ್ತ ನಡೆದ. ರಾಜಾ ಮಂದೆಯನ್ನು ತೆಂಕಣಕ್ಕೆ ತಿರುಗಿಸಿದ. ಗಂಟೆಗಳು, ದೂಳು, ಜನ, ಎಲ್ಲ ತಿರುವಿನಾಚೆ ಹೋದವು.

ಪಾಂಡಿಯರಾಜನ್ ಹಿಂದೆ ಉಳಿದ. ತಟ್ಟೆಯ ಬೆಂಕಿ ಆರಿತ್ತು.

"ಅಕ್ಕಾ," ಎಂದ.

"ಹುಲ್ಲು ಕೊಯ್ದು ಹೂತುಬಿಡು. ಯಾರ ಮನೆ ಮೇಕೆಯಾದ್ರೂ ಬಂದೀತು."

"ನಾಳೆ ಆಳು ಬರ್ತಾರೆ, ಕೊಯ್ಸ್ತೀನಿ. ಈಗ ನಾನು ದನದ ಮುಂದೆ ಇರಬೇಕು. ಇಲ್ಲದಿದ್ರೆ ನೋಡಿದೋರು ಏನಂತಾರೆ?" ಅಷ್ಟು ಹೇಳಿ ಅವಳ ಮುಖ ನೋಡದೆ ಬೇಗ ಬೇಗ ಹೆಜ್ಜೆ ಹಾಕಿದ.

ಮೇಕೆ ನಾಳೆಯವರೆಗೆ ಕಾಯುವುದಿಲ್ಲ. ಅವಳು ಕುಡುಗೋಲು ಹುಡುಕಿ ತಂದಳು. ಯಾರೂ ಕರೆಯದಿದ್ದರೂ ಅಂದು ಮೊದಲ ಸಲ ಬದು ದಾಟಿ ತಮ್ಮನ ಹೊಲದ ಬದಿಗೆ ಕಾಲಿಟ್ಟಳು. ಸೆರಗನ್ನು ಮೂಗಿಗೆ ಕಟ್ಟಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬದುವಿನ ಹುಲ್ಲನ್ನು ಬುಡಮಟ್ಟ ಕೊಯ್ದಳು. ಕೊಯ್ದ ರಾಶಿಯ ಮುಂದೆ ನಿಂತಾಗ ಅದನ್ನು ಎಲ್ಲಿ ಹಾಕುವುದೆಂದು ತಿಳಿಯಲಿಲ್ಲ. ತಮ್ಮನ ಹೊಲದಲ್ಲಿ ಹೂಳಲು ಅವಳಿಗೆ ಅಪ್ಪಣೆಯಿಲ್ಲ. ಕಾಲುವೆಗೆ ಎಸೆದರೆ ಕೆಳಗಿನ ಊರುಗಳ ನೀರು. ರಸ್ತೆಯ ಪಕ್ಕಕ್ಕೆ ಹಾಕಿದರೆ ಸಂಜೆಗೆ ಊರ ದನ ಬರುತ್ತದೆ.

ಹೊರೆ ಕಟ್ಟಿ ತಲೆಯ ಮೇಲಿಟ್ಟುಕೊಂಡು ತನ್ನ ಚಪ್ಪರದ ಕೆಳಗೆ ತಂದಳು. ಮೂಲೆಯಲ್ಲಿ ಗುಂಡಿ ತೋಡಿದಳು. ಎರಡು ವರ್ಷ ಗಂಜಲ ಕುಡಿದ ಮಣ್ಣು ಮೆತ್ತಗೆ, ಕಪ್ಪಗೆ ಎದ್ದು ಬಂತು; ಎರೆಹುಳುಗಳು ಬಿಸಿಲು ತಾಗಿ ಮುದುಡಿದವು. ಅವುಗಳನ್ನು ಆರಿಸಿ ಆರಿಸಿ ಆಚೆಗೆ ಇಟ್ಟಳು. ಆಮೇಲೆ ಹೊರೆಯನ್ನು ಗುಂಡಿಗೆ ಇಳಿಸಿ ಮಣ್ಣು ಎಳೆದು ತುಳಿದು ಗಟ್ಟಿ ಮಾಡಿದಳು. ಈಗ ಅವಳ ಮಣ್ಣಿನಲ್ಲಿ ನಂಜಿತ್ತು, ಅದನ್ನು ಇಟ್ಟದ್ದು ಅವಳದೇ ಕೈ. ಪಟ್ಟದಾವಿನ ಮುಂದೆ 'ನಾನೇ' ಎಂದು ಆಡಿದ ಮಾತು ಇನ್ನು ಸುಳ್ಳಲ್ಲ.